ಮನೋರೋಗದ ನಾಚಿಕೆ ಮತ್ತು ಆತ್ಮಹತ್ಯೆ ತಡೆ: ಧರ್ಮಕೇಂದ್ರಗಳಲ್ಲಿ ತಿಳಿದಿರಬೇಕಾದ ವಿಷಯಗಳು

ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಬಲಿಪೂಜೆಯ ನಂತರ ಚರ್ಚಿನ ಅಂಗಳದಲ್ಲಿ ನಿಂತು ಹೇಳಲು ನಮ್ಮಲ್ಲಿ ಯಾರಿಗೂ ಸಂಕೋಚವಿಲ್ಲ. ಆದರೆ ಮನೋವೈದ್ಯರು ಬರೆದುಕೊಟ್ಟ ಚೀಟಿಯನ್ನು ಮಾತ್ರ ಕಪಾಟಿನ ಒಳಗೆ ಅಡಗಿಸಿಡುತ್ತೇವೆ. ಮಗಳಿಗೆ ಸಂಬಂಧ ಕೂಡಿಬರಲಿಕ್ಕಿಲ್ಲ, ಮಗನಿಗೆ ಗಲ್ಫ್‌ನಲ್ಲಿ ಕೆಲಸ ಸಿಗಲಿಕ್ಕಿಲ್ಲ, ವಾರ್ಡಿನವರು ಏನೆಂದುಕೊಂಡಾರು ಎಂಬ ಭಯ. ಈ ಭಯದಿಂದ ಚಿಕಿತ್ಸೆ ತಡವಾಗುತ್ತದೆ, ಕೆಲವೊಮ್ಮೆ ಆ ತಡ ಜೀವವನ್ನೇ ಕೊಂಡೊಯ್ಯುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರಲ್ಲಿ ಭಾರತದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಮೃತಪಟ್ಟರು. ಕರ್ನಾಟಕದ ಸಂಖ್ಯೆ 13,606. ಕೌಟುಂಬಿಕ ಸಮಸ್ಯೆ ಮತ್ತು ಕಾಯಿಲೆ ಮೊದಲೆರಡು ಕಾರಣಗಳೆಂದು ದಾಖಲಾಗಿವೆ. ಇದು ಪೊಲೀಸ್ ದಾಖಲೆಯ ಲೆಕ್ಕ, ಅಲ್ಲಿ ಒಂದು ಸಾವಿಗೆ ಒಂದು ಕಾರಣ ಬರೆಯಲಾಗುತ್ತದೆ. ವಾಸ್ತವದಲ್ಲಿ ಸಾಲ, ಕುಡಿತ, ಒಂಟಿತನ, ಖಿನ್ನತೆ ಎಲ್ಲವೂ ಒಂದೇ ಮನೆಯಲ್ಲಿ ಸೇರಿಕೊಂಡಿರುತ್ತವೆ.

ಧರ್ಮಸಭೆಯ ನಿಲುವು

ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನಲ್ಲಿ ಪೂಜೆಯಿಲ್ಲ, ಸಿಮೆತ್ರಿಯಲ್ಲಿ ಜಾಗವಿಲ್ಲ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಈ ಮಾತಿಗೆ ಹಿಂದೆ ಆಧಾರವಿತ್ತು. 1917ರ ಧರ್ಮಸಭಾ ಕಾನೂನು ಸಂಹಿತೆಯ 1240ನೇ ನಿಯಮವು ಉದ್ದೇಶಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸಿತ್ತು. 1983ರ ಹೊಸ ಸಂಹಿತೆಯಲ್ಲಿ ಅಂತ್ಯಕ್ರಿಯೆ ನಿರಾಕರಿಸಬಹುದಾದವರನ್ನು ಹೇಳುವ 1184ನೇ ನಿಯಮದಿಂದ ಅವರನ್ನು ಕೈಬಿಡಲಾಗಿದೆ. ನಿಯಮ ಬದಲಾಗಿ ನಾಲ್ಕು ದಶಕ ಕಳೆದರೂ ಮಾತು ಬದಲಾಗಿಲ್ಲವೆಂಬುದು ನಮಗೆ ಬೇಸರದ ಸಂಗತಿ.

1992ರಲ್ಲಿ ಪ್ರಕಟವಾದ ಕಥೋಲಿಕ ಸಭೆಯ ಕ್ಯಾಟೆಕಿಸಂ, ಜೀವ ದೇವರ ಕೊಡುಗೆ, ಅದನ್ನು ಕಳೆದುಕೊಳ್ಳುವುದು ತಪ್ಪು ಎಂದೇ ಬೋಧಿಸುತ್ತದೆ. ಆದರೆ 2282ನೇ ಪರಿಚ್ಛೇದದಲ್ಲಿ, ತೀವ್ರ ಮಾನಸಿಕ ತೊಂದರೆ ಅಥವಾ ಯಾತನೆಯ ಭಯ ವ್ಯಕ್ತಿಯ ಹೊಣೆಗಾರಿಕೆಯನ್ನು ಕಡಿಮೆ ಮಾಡಬಲ್ಲದು ಎಂದು ಒಪ್ಪಿಕೊಳ್ಳುತ್ತದೆ. ಅಂಥವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದು, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂಬುದು 2283ನೇ ಪರಿಚ್ಛೇದದ ಸಾರ.

ಕಾನೂನಿನಲ್ಲಿ ಆದ ಬದಲಾವಣೆ

ಪೊಲೀಸ್ ಕೇಸಾಗುತ್ತದೆಂಬ ಹೆದರಿಕೆಯಿಂದ ಪ್ರಯತ್ನ ಮಾಡಿ ಉಳಿದವರನ್ನು ಆಸ್ಪತ್ರೆಗೆ ಸೇರಿಸಲು ಹಿಂಜರಿಯುವುದಿದೆ. ಇದಕ್ಕೆ ಈಗ ಆಧಾರವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂದಿತು. ಅದರ 115ನೇ ಕಲಂ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು ಅಂಥ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಬಾರದು. ಆರೈಕೆ ಒದಗಿಸುವುದು ಸರಕಾರದ ಕರ್ತವ್ಯ. ಹಳೆಯ ದಂಡಸಂಹಿತೆಯ 309ನೇ ಕಲಂ, 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರಕಾರಿ ನೌಕರರನ್ನು ಕರ್ತವ್ಯದಿಂದ ತಡೆಯಲು ಅಥವಾ ಒತ್ತಾಯಿಸಲು ಮಾಡುವ ಪ್ರಯತ್ನವಷ್ಟೇ ಅದರಲ್ಲಿ ಅಪರಾಧವಾಗಿ ಉಳಿದಿದೆ. ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆಂದೂ 2017ರ ಕಾಯ್ದೆ ಹೇಳುತ್ತದೆ.

ಕೇಳುವುದು ಹೇಗೆ

ವಾರ್ಡಿನ ಗುರಿಕಾರರು, ವಿನ್ಸೆಂಟ್ ದೆ ಪಾವ್ಲ್ ಸಭೆಯವರು, ಧರ್ಮಭಗಿನಿಯರು ಮನೆಮನೆಗೆ ಹೋಗುವವರು. ಬದಲಾವಣೆ ಮೊದಲು ಕಾಣುವುದು ಅವರಿಗೇ. ಗಾಯನಮಂಡಳಿಗೆ ತಪ್ಪದೆ ಬರುತ್ತಿದ್ದವರು ಬರುವುದಿಲ್ಲ, ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಕುಡಿತ ಹೆಚ್ಚಿದೆ, ಪ್ರೀತಿಯ ವಸ್ತುಗಳನ್ನು ಹಂಚುತ್ತಾರೆ, ನಾನಿದ್ದು ನಿಮಗೆಲ್ಲ ಭಾರ ಎನ್ನುತ್ತಾರೆ. ಮಕ್ಕಳೆಲ್ಲ ವಿದೇಶದಲ್ಲಿದ್ದು ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಹಿರಿಯರನ್ನು ನಾವು ಸುಖವಾಗಿದ್ದಾರೆಂದು ತಿಳಿದು ಬಿಟ್ಟುಬಿಡುವುದುಂಟು.

ಇಂಥವರನ್ನು ಪಕ್ಕಕ್ಕೆ ಕರೆದು, "ಬಾಯಮ್ಮಾ, ಬದುಕುವುದೇ ಬೇಡವೆಂದು ಅನ್ನಿಸುತ್ತದೆಯೇ?" ಎಂದು ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳುವುದರಿಂದ ಅವರಿಗೆ ಹಗುರವಾಗುತ್ತದೆ. ಹೌದೆಂದರೆ ಉಪದೇಶ ಬೇಡ. ನಂಬಿಕೆ ಕಡಿಮೆಯಾಗಿದೆ, ಜಪಮಾಲೆ ಹೇಳಿ ಎಂದು ಮಾತು ಮುಗಿಸಬೇಡಿ. ಒಬ್ಬರನ್ನೇ ಬಿಡದೆ, ಮನೆಯಲ್ಲಿರುವ ಕೀಟನಾಶಕ, ಹೆಚ್ಚುವರಿ ಮಾತ್ರೆಗಳನ್ನು ಬೇರೆಯವರ ವಶಕ್ಕೆ ಕೊಡಿಸಿ, ಅಂದೇ ವೈದ್ಯರಲ್ಲಿಗೆ ಜತೆಯಾಗಿ ಹೋಗಬೇಕು.

ಪಾಪನಿವೇದನೆಯಲ್ಲಿ ಈ ಮಾತು ಬಂದರೆ ಗುರುಗಳು ಗುಟ್ಟು ಬಿಟ್ಟುಕೊಡುವಂತಿಲ್ಲ. ಅದರ ಹೊರಗೆ ಬಂದು ತಮ್ಮೊಡನೆ ಮತ್ತೊಮ್ಮೆ ಮಾತಾಡುವಂತೆ, ಮನೆಯವರಿಗೆ ತಾವೇ ತಿಳಿಸುವಂತೆ ಅವರನ್ನು ಒಪ್ಪಿಸುವುದೇ ಅಲ್ಲಿರುವ ದಾರಿ.

ಇನ್ನೊಂದು ಮಾತನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಧ್ಯಾನಕೂಟಕ್ಕೆ ಹೋಗಿ ಬಂದವರು ಗುಣವಾಯಿತೆಂದು ಮಾತ್ರೆ ನಿಲ್ಲಿಸುವುದಿದೆ. ಖಿನ್ನತೆಯ ಔಷಧಿ ಪರಿಣಾಮ ತೋರಲು ಕೆಲವು ವಾರ ಬೇಕು, ಗುಣ ಕಂಡ ನಂತರವೂ ಹಲವು ತಿಂಗಳು ಮುಂದುವರಿಸಬೇಕು, ನಿಲ್ಲಿಸುವುದಿದ್ದರೆ ವೈದ್ಯರೇ ಹಂತಹಂತವಾಗಿ ನಿಲ್ಲಿಸಬೇಕು. ಪ್ರಾರ್ಥನೆ ಮಾಡಿಸುವವರು ಮಾತ್ರೆ ಬಿಡಿ ಎಂದು ಹೇಳಲೇಬಾರದು.

ಎಲ್ಲಿಗೆ ಹೋಗಬೇಕು

ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಮನೆಯವರೂ ಕರೆ ಮಾಡಬಹುದು. ಮಂಗಳೂರಿನ ವೆನ್ಲಾಕ್, ಕಂಕನಾಡಿಯ ಫಾದರ್ ಮುಲ್ಲರ್, ಮಣಿಪಾಲದ ಕಸ್ತೂರ್ಬಾ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಜೀವಕ್ಕೆ ಅಪಾಯವಿದ್ದರೆ 108 ಅಥವಾ 112.

ಸಾವು ಸಂಭವಿಸಿದ ಮನೆಯಲ್ಲಿ ಹೇಗೆ, ಯಾಕೆ ಎಂದು ವಿಚಾರಿಸಬೇಡಿ. ಚಿತ್ರ, ಚೀಟಿಗಳನ್ನು ಮೊಬೈಲಿನಲ್ಲಿ ಹಂಚಬೇಡಿ. ತಿಂಗಳ ಪೂಜೆಯವರೆಗೆ ತುಂಬಿರುವ ಮನೆ ಆಮೇಲೆ ಖಾಲಿಯಾಗುತ್ತದೆ. ಗುರಿಕಾರರು ಎರಡನೆಯ, ಮೂರನೆಯ ತಿಂಗಳಲ್ಲಿಯೂ ಹೋಗಿ ಬರಬೇಕು. ವರ್ಷದ ಪೂಜೆಯ ದಿನ ಉಳಿದ ಮೃತರ ಹೆಸರುಗಳೊಡನೆ ಇವರ ಹೆಸರನ್ನೂ ಗಟ್ಟಿಯಾಗಿಯೇ ಓದಬೇಕು.