ಕೊಯ್ದ ಮೂಗು, ಕಟ್ಟಿದ ಮೂಗು

ಬೆಂಗಳೂರಿನಲ್ಲಿ ಈಗ ಮೂಗಿನ ಅಂದ ತಿದ್ದುವ ಆಪರೇಷನ್ನಿನ ಜಾಹೀರಾತು ಸಾಮಾನ್ಯ. ನನ್ನ ಜೊತೆ ಕೆಲಸ ಮಾಡುವ ಎಷ್ಟೋ ಜನ ಇದನ್ನು ಅಮೆರಿಕದಿಂದ ಬಂದ ವಿದ್ಯೆ ಎಂದೇ ತಿಳಿದಿದ್ದಾರೆ. ಹಣೆಯ ಚರ್ಮದಿಂದ ಮೂಗು ಕಟ್ಟುವ ಕ್ರಮವನ್ನು ಲಂಡನ್ನಿನ ವೈದ್ಯರು ಕಲಿತದ್ದು ಮಾತ್ರ ನಮ್ಮ ಶ್ರೀರಂಗಪಟ್ಟಣದ ಯುದ್ಧದ ದೆಸೆಯಿಂದ.

ಮೂಗು ಕೊಯ್ಯುವುದು ನಮ್ಮ ಸೀಮೆಗೆ ಹೊಸದಲ್ಲ. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಮೈಸೂರಿನ ಸೈನ್ಯ ಸತ್ಯಮಂಗಲದ ಕಡೆಯಿಂದ ಮಧುರೆ ನಾಯಕರ ನಾಡಿಗೆ ನುಗ್ಗಿ, ಸಿಕ್ಕವರ ಮೂಗು, ಮೇಲ್ತುಟಿ ಕೊಯ್ದಿತೆಂದು ಜೆಸ್ವಿಟ್ ಪಾದ್ರಿಗಳ ಪತ್ರಗಳು ಹೇಳುತ್ತವೆ. ಆಮೇಲೆ ಮಧುರೆಯವರೂ ಅದನ್ನೇ ಮಾಡಿ ಸೇಡು ತೀರಿಸಿಕೊಂಡರು. ಸತ್ಯಮಂಗಲ ನಮಗೆ ಕಾಡಿನಾಚೆಯ ಊರು. 1956ರವರೆಗೆ ಅದೂ ನಮ್ಮ ಕೊಳ್ಳೇಗಾಲವೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಒಡೆಯರ ಶೌರ್ಯವನ್ನು ಹೊಗಳುವಾಗ ಈ ಮಾತನ್ನು ನುಂಗಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೌಸ್ಜಿ ಎಂಬ ಮರಾಠಿ ರೈತ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಮೂಗು ಹೋದರೆ ಮಾನವೇ ಹೋದಂತೆ ಎಂಬ ಕಾಲ. ಸುಮಾರು ಒಂದು ವರ್ಷ ಹಾಗೇ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ.

ಮೊದಲು ಮೇಣದ ತೆಳು ಹಾಳೆಯಿಂದ ಮೂಗಿನ ಅಚ್ಚು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ಅಷ್ಟಗಲ ಚರ್ಮ ಬಿಡಿಸುವುದು. ಆದರೆ ಎರಡು ಕಣ್ಣುಗಳ ನಡುವೆ ಒಂದು ಎಳೆ ಚರ್ಮ ಹಾಗೇ ಇರಬೇಕು. ರಕ್ತ ಹರಿಯುವುದು ಅದರಲ್ಲೇ. ಚರ್ಮವನ್ನು ತಿರುಚಿ ಕೆಳಗಿಳಿಸಿ ಮೂಗಿನ ಜಾಗಕ್ಕೆ ಕೂರಿಸುವುದು. ಹೊಲಿಗೆಯಿಲ್ಲ. ಎಲೆಯಡಿಕೆಗೆ ಹಾಕುವ ಕಾಚನ್ನು ನೆನೆಸಿ ಬಟ್ಟೆಗೆ ಬಳಿದು ಅಂಟಿಸಿದರು, ನಾಲ್ಕು ದಿನದ ಮೇಲೆ ತುಪ್ಪದ ಬಟ್ಟೆ. ಹತ್ತನೆಯ ದಿನ ಹೊಳ್ಳೆ ಮುಚ್ಚಿಕೊಳ್ಳದಂತೆ ಮೆತ್ತನೆಯ ಬಟ್ಟೆ ತುರುಕಿದರು. ಸುಮಾರು 25ನೆಯ ದಿನ ಆ ಎಳೆಯನ್ನು ಕತ್ತರಿಸಿದರು.

ಇದನ್ನು ಕಣ್ಣಾರೆ ಕಂಡವರು ಕ್ರೂಸೊ, ಫಿಂಡ್ಲೆ ಎಂಬ ಇಬ್ಬರು ಇಂಗ್ಲಿಷ್ ವೈದ್ಯರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಈ ವಿವರವನ್ನು ಕೌಸ್ಜಿಯ ಚಿತ್ರದ ಸಮೇತ ಅಚ್ಚು ಹಾಕಿತು. ಮೂಗು ಕಟ್ಟಿದವನ ಕುಲ ಬರೆದರೇ ಹೊರತು ಹೆಸರು ಬರೆಯಲಿಲ್ಲ! ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಒಬ್ಬ ಸೈನ್ಯಾಧಿಕಾರಿಗೆ ಹೀಗೆಯೇ ಮೂಗು ಕಟ್ಟಿದ.

ಚೆಂದಕ್ಕಾಗಿ ಮೂಗು ತಿದ್ದುವುದು ಬಂದದ್ದು 19ನೆಯ ಶತಮಾನದ ಕೊನೆಗೆ, ಅಮೆರಿಕದ ಜಾನ್ ರೋ, ಬರ್ಲಿನ್ನಿನ ಜಾಕ್ ಜೋಸೆಫ್ ಇವರಿಂದ. ಅಲ್ಲಿ ಹೊಸ ಚರ್ಮ ಬೇಡ. ಒಳಗಿನ ಮೂಳೆ, ಮೆದುಮೂಳೆಗಳನ್ನು ಕೆತ್ತಿ ಡುಬ್ಬು ಇಳಿಸುತ್ತಾರೆ, ತುದಿ ಎತ್ತುತ್ತಾರೆ. ಕ್ಯಾನ್ಸರಿಗೋ ಅಪಘಾತಕ್ಕೋ ಮೂಗು ಕಳೆದುಕೊಂಡವರಿಗೆ ಮಾತ್ರ ಇಂದಿಗೂ ಹಣೆಯ ಚರ್ಮವೇ ಆಧಾರ. ಆ ಎಳೆಯನ್ನು ಈಗಿನ ವೈದ್ಯರು ಸಾಮಾನ್ಯವಾಗಿ ಮೂರು ವಾರದ ಹೊತ್ತಿಗೆ ಕತ್ತರಿಸುತ್ತಾರೆ. ಪುಣೆಯವನ ಲೆಕ್ಕಕ್ಕೂ ಇದಕ್ಕೂ ನಾಲ್ಕೇ ದಿನದ ವ್ಯತ್ಯಾಸ.