ಕತ್ತಿನ ಗಂಟು: ಸಲಾಕೆಯಿಂದ ಸ್ಕ್ಯಾನಿಂಗ್‌ವರೆಗೆ



ಕತ್ತಿನ ಮುಂಭಾಗದಲ್ಲಿ ಒಂದು ಸಣ್ಣ ಗಂಟು ಕೈಗೆ ಸಿಕ್ಕಿದರೆ ಸಾಕು, ಮನೆಮಂದಿಯ ನಿದ್ದೆಯೇ ಹಾರಿಹೋಗುತ್ತದೆ. ಕ್ಯಾನ್ಸರ್ ಇರಬಹುದೇ ಎಂಬ ಭಯ. ಆ ಭಯದಿಂದಲೇ ಕೆಲವರು ವೈದ್ಯರ ಬಳಿಗೆ ಹೋಗುವುದಿಲ್ಲ. ಹೆಣ್ಣುಮಕ್ಕಳು ದುಪಟ್ಟಾದ ಮರೆಯಲ್ಲಿ ಮುಚ್ಚಿಟ್ಟುಕೊಳ್ಳುವುದೂ ಉಂಟು. ಆದರೆ ಥೈರಾಯ್ಡ್ ಗ್ರಂಥಿಯ ಗಂಟುಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ನಿರುಪದ್ರವಿಗಳು. ಚಾಕು ಹಿಡಿಯದೆ ಅವನ್ನು ಗುರುತಿಸಲು ಮನುಷ್ಯನಿಗೆ ಬಹಳ ಕಾಲ ಬೇಕಾಯಿತು.

ಕನ್ನಡದಲ್ಲಿ ಗಳಗಂಡ, ಉರ್ದುವಿನಲ್ಲಿ ಘೇಂಘಾ ಎನ್ನುವ ಈ ಬಾವಿನ ಬಗ್ಗೆ ಸಾವಿರ ವರ್ಷಗಳ ಹಿಂದೆಯೇ ಬರೆದವರು ಸ್ಪೇನಿನ ಕುರ್ತುಬಾ ನಗರದ ಬಳಿ ಹುಟ್ಟಿದ ಅಬುಲ್ ಕಾಸಿಂ ಅಲ್ ಝಹ್ರಾವಿ. ಅವರ ‘ಕಿತಾಬುತ್ತಸ್ರೀಫ್’ ಗ್ರಂಥದ 30ನೆಯ ಹಾಗೂ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಈ ಬಾವು ಹೆಚ್ಚಾಗಿ ಹೆಂಗಸರಲ್ಲಿ ಕಾಣುತ್ತದೆ ಎಂದು ಅವರು ಗುರುತಿಸಿದ್ದರು. ಅವರ ಎಚ್ಚರಿಕೆಯನ್ನು ಗಮನಿಸಿ: ದೊಡ್ಡ ಬಾವಿಗೆ ಕೈ ಹಾಕಬಾರದು, ಚಿಕ್ಕದಾದರೂ ಮೊದಲು ಸಲಾಕೆಯಿಂದ ಪರೀಕ್ಷಿಸಬೇಕು, ಅದು ಕೊಬ್ಬಿನ ಗಂಟಿನಂತಿದೆಯೇ, ರಕ್ತನಾಳಗಳಿಗೆ ಅಂಟಿಕೊಂಡಿದೆಯೇ ಎಂದು ತಿಳಿದ ಮೇಲಷ್ಟೇ ಕೊಯ್ಯಬೇಕು. 12ನೆಯ ಶತಮಾನದಲ್ಲಿ ಈ ಭಾಗ ಲ್ಯಾಟಿನ್ ಭಾಷೆಗೆ ಬಂದು ಯುರೋಪಿನ ವೈದ್ಯರ ಕೈಸೇರಿತು.

ಮುಂದೆಯೂ ಶತಮಾನಗಳ ಕಾಲ ಥೈರಾಯ್ಡ್ ಶಸ್ತ್ರಚಿಕಿತ್ಸೆ ಎಂದರೆ ರಕ್ತಸ್ರಾವ, ಸಾವು. ಅದನ್ನು ಸುರಕ್ಷಿತಗೊಳಿಸಿದ ಸ್ವಿಟ್ಜರ್ಲೆಂಡಿನ ಥಿಯೊಡೋರ್ ಕೋಖರ್ 1909ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಆದರೂ ಕೊಯ್ಯದೆ ಒಳಗನ್ನು ನೋಡುವ ದಾರಿ ಇರಲಿಲ್ಲ.

ಆ ದಾರಿ ತೆರೆದದ್ದು ಶಬ್ದದಿಂದ. ಲೋಹದಲ್ಲಿನ ಬಿರುಕು ಹುಡುಕುವ ಯಂತ್ರವನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವೈದ್ಯ ಇಯಾನ್ ಡೊನಾಲ್ಡ್ ರೋಗಿಗಳ ಮೇಲೆ ಪ್ರಯೋಗಿಸಿದರು. ಗುಣವಾಗದ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಒಬ್ಬ ಮಹಿಳೆಯ ಹೊಟ್ಟೆಯಲ್ಲಿ ಇದ್ದುದು ನೀರು ತುಂಬಿದ ಗಡ್ಡೆ ಎಂದು ಯಂತ್ರ ತೋರಿಸಿತು. ಗಡ್ಡೆ ತೆಗೆದರು, ಆಕೆ ಬದುಕಿದರು. ಈ ಕೆಲಸದ ವರದಿ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1967ರಲ್ಲಿ ಜಪಾನಿನ ಫುಜಿಮೊಟೊ ಮತ್ತು ಸಂಗಡಿಗರು ಇದೇ ವಿಧಾನದಿಂದ ಥೈರಾಯ್ಡ್ ಪರೀಕ್ಷಿಸಿದ ವರದಿ ನೀಡಿದರು.

ಇದು ಕೆಲಸ ಮಾಡುವ ಬಗೆ ಸರಳ. ನಮ್ಮ ಕಿವಿಗೆ ಕೇಳದ ಶಬ್ದದ ಅಲೆಗಳು ಕತ್ತಿನೊಳಗೆ ಹೋಗಿ ಪ್ರತಿಧ್ವನಿಯಾಗಿ ಮರಳುತ್ತವೆ. ಶುದ್ಧ ದ್ರವ ಪ್ರತಿಧ್ವನಿ ಕೊಡದು, ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಪೂರ್ತಿ ನೀರು ತುಂಬಿದ ಗಂಟು, ಸ್ಪಂಜಿನಂತೆ ಸಣ್ಣ ಸಣ್ಣ ಕೋಣೆಗಳಿರುವ ಗಂಟು ಸಾಮಾನ್ಯವಾಗಿ ನಿರುಪದ್ರವಿ. ಅಂಚು ಒರಟಾಗಿದ್ದರೆ, ಅಗಲಕ್ಕಿಂತ ಎತ್ತರ ಹೆಚ್ಚಿದ್ದರೆ, ಸುಣ್ಣದ ಸಣ್ಣ ಚುಕ್ಕೆಗಳಿದ್ದರೆ ಅನುಮಾನ. 2017ರಲ್ಲಿ ಅಮೆರಿಕದ ರೇಡಿಯಾಲಜಿ ಕಾಲೇಜು ಇಂಥ ಐದು ಲಕ್ಷಣಗಳಿಗೆ ಅಂಕ ನೀಡುವ ಪದ್ಧತಿ ಪ್ರಕಟಿಸಿತು. ಅಂಕ ಮತ್ತು ಗಾತ್ರ ನೋಡಿ, ಸೂಜಿ ಪರೀಕ್ಷೆ ಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ. ಸ್ಕ್ಯಾನಿಂಗ್ ಒಂದೇ ಕೊನೆಯ ತೀರ್ಪಲ್ಲ.

ವಿದ್ಯಾರ್ಥಿ ಮಿತ್ರರೇ, ಗಂಟಿನೊಳಗೆ ಏನಿದೆ, ರಕ್ತನಾಳಗಳ ಸ್ಥಿತಿ ಹೇಗಿದೆ ಎಂದು ಅಲ್ ಝಹ್ರಾವಿ ಸಲಾಕೆಯಿಂದ ಕೇಳಿದ್ದನ್ನೇ ಇಂದಿನ ಯಂತ್ರವೂ ಕೇಳುತ್ತಿದೆ. ಹಿರಿಯರ ಹೆಸರು ಹೇಳಿ ಹೆಮ್ಮೆಪಟ್ಟರೆ ಸಾಲದು. ಅವರು ಕೊಯ್ಯುವ ಮೊದಲು ಅರಿತರು. ನಾವು ಹೆದರುವ ಮೊದಲು ಅರಿಯೋಣ. ನಿಮ್ಮ ಮನೆಯಲ್ಲಿ ಅಮ್ಮನೋ ಅಕ್ಕನೋ ಕತ್ತಿನ ಗಂಟನ್ನು ಮುಚ್ಚಿಟ್ಟಿದ್ದರೆ, ಧೈರ್ಯ ಹೇಳಿ ವೈದ್ಯರ ಬಳಿಗೆ ಕರೆದೊಯ್ಯಿರಿ. ಕಲಿತ ಇಲ್ಮ್ ಮನೆಯವರಿಗೆ ಆಗಿ ಬರುವುದು ಹೀಗೆಯೇ.