ಯೇಲ್ ವಿಶ್ವವಿದ್ಯಾಲಯದ ಗಾಲ್ಫ್ ಮೈದಾನ: ಒಂದು ಜೀರ್ಣೋದ್ಧಾರದ ಚರಿತ್ರೆ

ನಮ್ಮ ಚರಿತ್ರೆ ಪಾಠದಲ್ಲಿ ಕೋಟೆ ಬರುತ್ತದೆ, ದೇವಸ್ಥಾನ ಬರುತ್ತದೆ, ಶಾಸನ ಬರುತ್ತದೆ. ಆಟದ ಬಯಲು ಬರುವುದಿಲ್ಲ. ಹುಲ್ಲು, ಮಣ್ಣು, ಮರಳಿನಲ್ಲಿ ಮಾಡಿದ್ದು ಚರಿತ್ರೆ ಆಗುತ್ತದೆಯೇ ಎಂದು ಕೇಳುವವರಿಗೆ ಒಂದು ಉದಾಹರಣೆ ಕೊಡೋಣ ಎಂದು ಇದನ್ನು ಬರೆಯುತ್ತಿದ್ದೇನೆ. ಊರು ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್. ಸಂಸ್ಥೆ ಯೇಲ್ ವಿಶ್ವವಿದ್ಯಾಲಯ. ವಸ್ತು, ಅದರ ಗಾಲ್ಫ್ ಮೈದಾನ. ಗಾಲ್ಫ್ ಗೊತ್ತಿಲ್ಲದವರು ಓಡಿಹೋಗಬೇಡಿ, ನನಗೂ ಆಡಲು ಬರುವುದಿಲ್ಲ.

ಮೊದಲು ಯೇಲ್ ಎಂಬ ಹೆಸರು. ಅದು ನಮಗೆ ತೀರಾ ದೂರದ್ದಲ್ಲ. ಎಲಿಹು ಯೇಲ್ ಎಂಬವನು 1687ರಿಂದ 1692ರವರೆಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಗವರ್ನರನಾಗಿದ್ದ. ಈಚೆ ಕರಾವಳಿಯಲ್ಲಿ, ಬೇಕಲ ಕೋಟೆ ಕಟ್ಟಿಸಿದ ಕೆಳದಿ ಮನೆತನದ ಚೆನ್ನಮ್ಮಾಜಿ ಆಳುತ್ತಿದ್ದ ಕಾಲ ಅದು. ಮುಂದೆ ನಮ್ಮ ಕಾಸರಗೋಡು ಕೂಡ 1956ರವರೆಗೆ ಅದೇ ಮದರಾಸಿನ ಆಡಳಿತಕ್ಕೆ ಸೇರಿತ್ತಲ್ಲ! ಈ ಯೇಲ್ ಮದರಾಸಿನಲ್ಲಿ ವಿಪರೀತ ಹಣ ಮಾಡಿದ. ಗುಲಾಮರ ವ್ಯಾಪಾರ ನಡೆಸಿದ ಆಡಳಿತದಲ್ಲೂ ಅವನ ಕೈಯಿತ್ತು. ಕೊನೆಗೆ ಭ್ರಷ್ಟಾಚಾರದ ಆರೋಪ ಹೊತ್ತು ಪದವಿ ಕಳೆದುಕೊಂಡ. 1718ರಲ್ಲಿ ಅಮೆರಿಕದ ಒಂದು ಸಣ್ಣ ಕಾಲೇಜಿಗೆ ಒಂಬತ್ತು ಮೂಟೆ ಸರಕು, 417 ಪುಸ್ತಕ, ದೊರೆಯ ಒಂದು ಚಿತ್ರಪಟ ಕಳಿಸಿಕೊಟ್ಟ. ಮೂಟೆಗಳನ್ನು ಮಾರಿದಾಗ 562 ಪೌಂಡು ಬಂತು, ಕಾಲೇಜು ಅವನ ಹೆಸರಿಟ್ಟುಕೊಂಡಿತು. ಗುಲಾಮಗಿರಿಯೊಂದಿಗೆ ತನಗಿದ್ದ ನಂಟಿಗಾಗಿ ವಿಶ್ವವಿದ್ಯಾಲಯ 2024ರಲ್ಲಿ ಕ್ಷಮೆ ಕೇಳಿತು. ಹೆಸರು ಹಾಗೇ ಉಳಿದಿದೆ.

ಇರಲಿ, ಮೈದಾನಕ್ಕೆ ಬರೋಣ.

1924ರಲ್ಲಿ ಯೇಲ್‌ನ ಹಳೆ ವಿದ್ಯಾರ್ಥಿ, ಫುಟ್‌ಬಾಲ್ ತಂಡದ ನಾಯಕನಾಗಿದ್ದ ರೇ ಟಾಂಪ್ಕಿನ್ಸ್ ಅವರ ನೆನಪಿಗೆ ಅವರ ಪತ್ನಿ ಸುಮಾರು 700 ಎಕರೆ ಜಾಗವನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟರು. (ಆ ಕಾಲದಲ್ಲಿ ಯೇಲ್‌ನ ಪದವಿ ತರಗತಿಗಳಿಗೆ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ, 1969ರವರೆಗೂ ಇರಲಿಲ್ಲ. ದಾನಕ್ಕೆ ಆ ಅಡ್ಡಿ ಇರಲಿಲ್ಲ ನೋಡಿ!) ಜಾಗವೆಂದರೆ ಎಂಥದ್ದು? ಗುಡ್ಡ, ಬಂಡೆ, ದಟ್ಟ ಕಾಡು, ನಡುವೆ ಜೌಗು. ನಮ್ಮಲ್ಲಿ ಗುಡ್ಡ ಕಡಿದು ತೋಟ ಮಾಡಿದವರಿಗೆ ಅದರ ಕಷ್ಟ ಗೊತ್ತು. ಬಂಡೆಗಳನ್ನು ಡೈನಮೈಟ್ ಇಟ್ಟು ಒಡೆದು, ಜೌಗನ್ನು ಬಗೆದು ಬಸಿದು, 18 ಕುಳಿಗಳ ಮೈದಾನ ಮಾಡಿದರು. ಖರ್ಚು ನಾಲ್ಕು ಲಕ್ಷ ಡಾಲರಿಗೂ ಮಿಕ್ಕಿತು. ಅಂದಿನ ಲೆಕ್ಕಕ್ಕೆ ಕಣ್ಣು ಕುಕ್ಕುವ ಮೊತ್ತ. 1926ರಲ್ಲಿ ಆಟ ಶುರುವಾಯಿತು.

ಮಾಡಿದವರು ಮೂವರು. ನನಗೆ ಈ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗವೇ ಇದು.

ಮೊದಲನೆಯವರು ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್. 1872ರಲ್ಲಿ ಓದಲೆಂದು ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್‌ಗೆ ಹೋದವರು ಗಾಲ್ಫ್ ಹುಚ್ಚು ಹತ್ತಿಸಿಕೊಂಡು ಬಂದರು. 1895ರಲ್ಲಿ ಅಮೆರಿಕದ ಮೊದಲ ಅಮೆಚೂರ್ ಚಾಂಪಿಯನ್ ಆದರು. ಬ್ರಿಟನ್ ಮತ್ತು ಫ್ರಾನ್ಸಿನ ಹೆಸರಾಂತ ಕುಳಿಗಳನ್ನು ಅಳೆದು, ನಕ್ಷೆ ಬರೆದು ತಂದು, ಅವುಗಳ ಮಾದರಿಯಲ್ಲಿ ಅಮೆರಿಕದಲ್ಲಿ ಹೊಸ ಮೈದಾನ ಕಟ್ಟುವುದು ಅವರ ಪದ್ಧತಿ. ಎರಡನೆಯವರು ಸೇತ್ ರೇನರ್. ಇವರು ಸರ್ವೇಯರ್, ಇಂಜಿನಿಯರ್. ಜಾಗ ಅಳೆದುಕೊಡಲು ಮ್ಯಾಕ್‌ಡೊನಾಲ್ಡ್ ಕರೆಸಿದ ಮನುಷ್ಯ, ಕೊನೆಗೆ ಅವರ ಬಲಗೈಯಾದರು. ಸ್ವತಃ ಗಾಲ್ಫ್ ಆಟಗಾರರಲ್ಲ! ಮೂರನೆಯವರು ಚಾರ್ಲ್ಸ್ ಬ್ಯಾಂಕ್ಸ್. ಇವರು ಯಾರು ಗೊತ್ತೇ? ಒಬ್ಬ ಮೇಷ್ಟ್ರು. ಯೇಲ್‌ನಲ್ಲಿ ಓದಿ ಹಾಚ್‌ಕಿಸ್ ಎಂಬ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಆ ಶಾಲೆಗೆ ಒಂಬತ್ತು ಕುಳಿಗಳ ಮೈದಾನ ಮಾಡಲು ರೇನರ್ ಬಂದಾಗ ಪರಿಚಯವಾಗಿ, ಚಾಕ್‌ಪೀಸ್ ಬಿಟ್ಟು ಮಣ್ಣಿನ ಕೆಲಸಕ್ಕೆ ಹೋದರು.

ಯೇಲ್‌ನಲ್ಲಿ ಮ್ಯಾಕ್‌ಡೊನಾಲ್ಡ್ ಮುಖ್ಯವಾಗಿ ಸಲಹೆಗಾರ. ವಿನ್ಯಾಸದ ದುಡಿಮೆ ಹೆಚ್ಚಾಗಿ ರೇನರ್ ಅವರದು. ಆದರೆ ಮೈದಾನ ತೆರೆಯುವ ಮೊದಲೇ, 1926ರ ಜನವರಿಯಲ್ಲಿ, 51ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ಕೈಹಾಕಿದ್ದ ಕೆಲಸಗಳನ್ನು ಮುಂದುವರಿಸಿದ್ದು ಬ್ಯಾಂಕ್ಸ್. ಮ್ಯಾಕ್‌ಡೊನಾಲ್ಡ್ 1928ರಲ್ಲಿ ತಮ್ಮ ಗಾಲ್ಫ್ ಜೀವನದ ಬಗ್ಗೆ ಪುಸ್ತಕ ಬರೆದರು, ಯೇಲ್ ಅದರಲ್ಲಿ ಬರುತ್ತದೆ. ಪುಸ್ತಕ ಬರೆದವನ ಹೆಸರು ಮೊದಲು ನಿಲ್ಲುತ್ತದೆ. ಸರ್ವೇಯರನ ಹೆಸರು ಎರಡನೆಯದು, ಮೇಷ್ಟ್ರದ್ದು ಮೂರನೆಯದು. ಬ್ಯಾಂಕ್ಸ್ ಕೂಡ 1931ರಲ್ಲೇ ಹೋದರು.

ಹಳೆಯ ಕುಳಿಗಳ ನಕಲು ಎಂದೆನಲ್ಲ, ಅದನ್ನು ಕೇಳಿ ಕೆಲವರು ಮೂಗು ಮುರಿಯಬಹುದು. ನಕಲು ಹೊಡೆಯುವುದು ವಿನ್ಯಾಸವೇ? ನನಗೆ ಹಾಗನಿಸುವುದಿಲ್ಲ. ಯಕ್ಷಗಾನ ನೋಡುವ ನಮಗೆ ಇದು ಬೇಗ ಅರ್ಥವಾಗಬೇಕು. ಪ್ರಸಂಗ ಒಂದೇ, ಪದ್ಯ ಒಂದೇ, ಆದರೆ ರಂಗಸ್ಥಳ ಬೇರೆ, ವೇಷಧಾರಿ ಬೇರೆ, ಅಂದಿನ ಆಟವೇ ಬೇರೆ. ಯೇಲ್‌ನ 13ನೇ ಕುಳಿ ಸ್ಕಾಟ್‌ಲೆಂಡಿನ ನಾರ್ತ್ ಬೆರಿಕ್‌ನ 'ರೆಡಾನ್' ಪ್ರಸಂಗ. 4ನೆಯದು ಮತ್ತು 15ನೆಯದು ಸೇಂಟ್ ಆಂಡ್ರೂಸ್‌ನ ಎರಡು ಕುಳಿಗಳ ಮೇಲೆ ಮಾಡಿದ್ದು. ಇವುಗಳಲ್ಲೆಲ್ಲ ಪ್ರಸಿದ್ಧವಾದದ್ದು 9ನೆಯದು, 'ಬಿಯಾರಿಟ್ಸ್'. ಫ್ರಾನ್ಸಿನ ಕಡಲ ತೀರದ ಊರು ಬಿಯಾರಿಟ್ಸ್, ಅಲ್ಲಿ ಕಂದಕದ ಮೇಲಿಂದ ಹೊಡೆಯುವ ಒಂದು ಕುಳಿ ಇತ್ತಂತೆ. ಮೂಲ ಕುಳಿ ಈಗ ಇಲ್ಲ. ಯೇಲ್‌ನಲ್ಲಿ ಎತ್ತರದ ದಿಬ್ಬದ ಮೇಲೆ ನಿಂತು ಕೆಳಗಿನ ಕೆರೆಯನ್ನು ದಾಟಿಸಿ 200 ಗಜಕ್ಕೂ ದೂರ ಚೆಂಡು ಹೊಡೆಯಬೇಕು. ಆಚೆ ದಡದ ಗ್ರೀನ್ (ಕುಳಿ ಇರುವ, ನುಣ್ಣಗೆ ಹುಲ್ಲು ಕತ್ತರಿಸಿದ ಜಾಗ) 60 ಗಜಕ್ಕೂ ಹೆಚ್ಚು ಉದ್ದ, ಅದರ ನಟ್ಟನಡುವೆ ಅಡ್ಡಲಾಗಿ ಒಂದು ಆಳವಾದ ತಗ್ಗು. ಗದ್ದೆಯ ನಡುವೆ ಅಗಲದ ತೋಡು ಹೋದ ಹಾಗೆ ಎಂದಿಟ್ಟುಕೊಳ್ಳಿ. ತಗ್ಗಿನ ಈಚೆ ಬಿದ್ದ ಚೆಂಡು ಕಣ್ಣಿಗೆ ಕಾಣದೆ ಇಳಿದು, ಮತ್ತೆ ಆಚೆ ಹತ್ತಿ ಬರುವುದನ್ನು ನೋಡುವುದೇ ಸೊಗಸು ಎನ್ನುತ್ತಾರೆ ಆಡಿದವರು. ಮೂಲ ಅಳಿದು ನಕಲು ಉಳಿದ ಮೇಲೆ ಅದನ್ನು ನಕಲು ಎನ್ನುವುದು ಹೇಗೆ?

ಹಾಗೆಂದು ಈ ವಿನ್ಯಾಸದಲ್ಲಿ ತಪ್ಪು ಇಲ್ಲವೆಂದಲ್ಲ. ಗುರಿ ಕಾಣದೆ ಹೊಡೆಯಬೇಕಾದ ಜಾಗಗಳು ಬಹಳ. 10ನೇ ಕುಳಿಯಲ್ಲಿ ಕಡಿದಾದ ಏರು. ಕೊನೆಯ 18ನೆಯದು 600 ಗಜಕ್ಕೂ ಉದ್ದ, ನಡುವೆ ಒಂದು ಗುಡ್ಡವೇ ಅಡ್ಡ. ಇದು ಅದ್ಭುತ ಎನ್ನುವವರೂ ಇದ್ದಾರೆ, ಹುಚ್ಚಾಟ ಎನ್ನುವವರೂ ಇದ್ದಾರೆ. ಬಲಹೀನ ಆಟಗಾರನಿಗೂ ಒಂದು ಬಳಸುದಾರಿ ಇರಬೇಕು ಎಂಬುದು ಮ್ಯಾಕ್‌ಡೊನಾಲ್ಡ್ ಅವರ ಕಾಲದ ಒಳ್ಳೆಯ ವಿನ್ಯಾಸದ ಪಾಠ. 9ನೆಯದರಲ್ಲಿ ಅಂಥ ದಾರಿ ಎಲ್ಲಿದೆ? ಕೆರೆ ದಾಟಿಸಬೇಕು, ಇಲ್ಲವೇ ಚೆಂಡು ನೀರುಪಾಲು. ತರಗತಿಯ ಮೊದಲ ಬೆಂಚಿನವರಿಗೆ ಮಾತ್ರ ಪ್ರಶ್ನೆಪತ್ರಿಕೆ ಮಾಡಿದ ಹಾಗೆ. ನನ್ನ ಮಟ್ಟಿಗೆ 9ನೆಯದನ್ನು ಅದರ ಚೆಲುವಿಗಾಗಿ ಕ್ಷಮಿಸಬಹುದು, 18ನೆಯದರ ಪರವಾಗಿ ವಾದಿಸುವುದು ಕಷ್ಟ.

ಈಗ ಮುಖ್ಯ ವಿಷಯ. ಒಂದು ಮೈದಾನ ಹಾಳಾಗುವುದು ಹೇಗೆ? ಕೋಟೆಯ ಗೋಡೆ ಬಿದ್ದರೆ ಸದ್ದಾಗುತ್ತದೆ. ಮೈದಾನ ಸದ್ದಿಲ್ಲದೆ ಬದಲಾಗುತ್ತದೆ. ಗ್ರೀನಿನ ಹುಲ್ಲನ್ನು ಬೆಳೆಯುವ ಕಾಲದಲ್ಲಿ ಹೆಚ್ಚುಕಡಿಮೆ ದಿನವೂ ಕತ್ತರಿಸಬೇಕು. ಯಂತ್ರ ಅಂಚಿನಿಂದ ಇಳಿಜಾರಿಗೆ ಜಾರೀತೆಂಬ ಹೆದರಿಕೆಗೆ ಕೆಲಸಗಾರ ಒಂದು ಬೆರಳಷ್ಟು ಒಳಗೆ ಸರಿಯುತ್ತಾನೆ. ಮರುವರ್ಷ ಇನ್ನೊಂದು ಬೆರಳು. ಚೌಕದ ಮೂಲೆಗಳಲ್ಲಿ ಯಂತ್ರ ತಿರುಗಿಸುವುದು ಕಷ್ಟ, ಮೂಲೆಗಳು ದುಂಡಾಗುತ್ತವೆ. ಐವತ್ತು ವರ್ಷದಲ್ಲಿ ಗ್ರೀನಿನ ದೊಡ್ಡ ಭಾಗವೇ ಉದ್ದ ಹುಲ್ಲಿನಡಿ ಹೂತುಹೋಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಬಂಕರ್, ಅಂದರೆ ಮರಳಿನ ಗುಂಡಿ, ಅದರದ್ದು ಇನ್ನೊಂದು ಕಥೆ. ಆಟಗಾರ ಹೊಡೆದಾಗ ಹಾರಿದ ಮರಳು ಅಂಚಿನಲ್ಲಿ ಕೂತು ಅಂಚನ್ನು ಎತ್ತರಿಸುತ್ತದೆ. ಮಳೆಗೆ ಗೋಡೆ ಜರಿದು ತಳ ತುಂಬುತ್ತದೆ. ರೇನರ್ ಶೈಲಿಯ ಬಂಕರೆಂದರೆ ನೇರ ಗೋಡೆ, ಚಪ್ಪಟೆ ತಳ, ಸರ್ವೇಯರನ ಕೈಯ ಗೆರೆ. ಆ ಕಡಿದಾದ ಗೋಡೆಗಳ ಹುಲ್ಲನ್ನು ಆಳುಗಳೇ ಕೈಯಲ್ಲಿ ಕೊಯ್ಯಬೇಕು. ಯಂತ್ರ ಬಂತು, ಆಳು ಕಡಿಮೆಯಾಯಿತು, ಇಳಿಜಾರು ಮೆತ್ತಗಾಯಿತು. ಮರಗಳು ಬೆಳೆದು ನೋಟ ಮುಚ್ಚಿದವು, ನೆರಳಿಗೆ ಹುಲ್ಲು ಸತ್ತಿತು.

1990ರ ದಶಕದ ಕೊನೆಗೆ ಬಂಕರ್‌ಗಳ ನವೀಕರಣ ಶುರುವಾಯಿತು. ವಹಿಸಿಕೊಂಡವರು ರೋಜರ್ ರೂಲೆವಿಚ್. ಇವರೂ ಯೇಲ್‌ನಲ್ಲೇ ಓದಿದವರು, ರಾಬರ್ಟ್ ಟ್ರೆಂಟ್ ಜೋನ್ಸ್ ಅವರ ಕೈಕೆಳಗೆ ಬಹುಕಾಲ ದುಡಿದ ಅನುಭವಿ. ಹಳೆಯ ವಿದ್ಯಾರ್ಥಿಗೆ ತನ್ನ ಕಾಲೇಜಿನ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳಲಾರರು. ದುರಸ್ತಿ ಬೇಕಿರಲಿಲ್ಲ ಎಂದೂ ಹೇಳಲಾರರು. ಆದರೆ ಕೆಲಸ ನಡೆದ ಮೇಲೆ ಗಾಲ್ಫ್ ಚರಿತ್ರೆ ಬಲ್ಲವರು ಕಿಡಿಕಿಡಿಯಾದರು. ಗುಂಡಿಗಳ ಆಳ ಹೋಯಿತು, ಗೆರೆ ಹೋಯಿತು, ರೇನರ್ ಹೋದರು ಎಂಬುದು ಅವರ ದೂರು. ಮುರಕಲ್ಲಿನ ಗೋಡೆಗೆ ಸಿಮೆಂಟು ಬಳಿದು, ಮೇಲೆ ಮಿರಿಮಿರಿ ಬಣ್ಣ ಹೊಡೆದ ಹಳೆಯ ಶಾಲೆಗಳನ್ನು ನಾವೆಷ್ಟು ನೋಡಿಲ್ಲ? ಬಳಿದವರೂ ಶಾಲೆಯನ್ನು ಪ್ರೀತಿಸಿದವರೇ.

ಮುಂದೆ 2003ರಲ್ಲಿ ಮೈದಾನದ ಉಸ್ತುವಾರಿಗೆ ಬಂದ ಸ್ಕಾಟ್ ರಾಮ್ಸೆ ದೊಡ್ಡ ಯೋಜನೆಯ ಗದ್ದಲವಿಲ್ಲದೆ, ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಮರ ತೆಗೆಸಿ, ಗ್ರೀನಿನ ಅಂಚುಗಳನ್ನು ಮತ್ತೆ ಹೊರಕ್ಕೆ ತಂದರು. ಕಳೆದುಹೋದ ಅಂಚು ಸಿಗುವುದು ಹೇಗೆ ಎಂದು ಕೇಳಬಹುದು. ಗ್ರೀನ್ ಕಟ್ಟುವಾಗ ಮಣ್ಣು ತುಂಬಿ ಜಗಲಿಯಂತೆ ಎತ್ತರಿಸಿರುತ್ತಾರೆ. ಹುಲ್ಲು ಮುಚ್ಚಿದರೂ ಜಗಲಿ ಎಲ್ಲಿ ಮುಗಿಯುತ್ತದೆ ಎಂದು ಕಾಲಿಗೆ ಗೊತ್ತಾಗುತ್ತದೆ. ಜೊತೆಗೆ ಹಳೆಯ ಫೋಟೊಗಳು. 1934ರಲ್ಲಿ ಕನೆಕ್ಟಿಕಟ್ ರಾಜ್ಯವನ್ನು ಇಡೀ ವಿಮಾನದಿಂದ ಚಿತ್ರ ತೆಗೆದಿದ್ದರು, ಅಮೆರಿಕದಲ್ಲಿ ಹಾಗೆ ಇಡಿಯಾಗಿ ಚಿತ್ರಿತವಾದ ಮೊದಲ ರಾಜ್ಯ ಅದು. ಮೈದಾನಕ್ಕೆ ಆಗ ಎಂಟೇ ವರ್ಷ. ಅದನ್ನು ತೆಗೆದವರ ತಲೆಯಲ್ಲಿ ಗಾಲ್ಫ್ ಇದ್ದಿರಲಾರದು, ಆದರೂ ದಾಖಲೆ ದಾಖಲೆಯೇ. ನಿಮ್ಮ ಶಾಲೆಯ ಹಳೆಯ ಗ್ರೂಪ್ ಫೋಟೊದಲ್ಲಿ ಮಕ್ಕಳ ಹಿಂದೆ ಕಾಣುವ ಮಾಡು, ಕಂಬ, ಬಾವಿಕಟ್ಟೆಯನ್ನು ಒಮ್ಮೆ ಗಮನಿಸಿ, ನಾನು ಹೇಳುವುದು ತಿಳಿಯುತ್ತದೆ.

2020ರಲ್ಲಿ ಕೊರೊನಾ ಬಂತು. ಮೈದಾನದ ಆರೈಕೆ ಕುಸಿಯಿತು, ಹದಿನೇಳು ವರ್ಷದಲ್ಲಿ ಕೂಡಿಸಿದ್ದು ಕೆಲವೇ ತಿಂಗಳಲ್ಲಿ ಮಂಕಾಯಿತು. ಅಮೆರಿಕದ ವಿಶ್ವವಿದ್ಯಾಲಯಗಳ ಮೈದಾನಗಳಲ್ಲಿ ಶ್ರೇಷ್ಠವೆಂದು ಪತ್ರಿಕೆಗಳು ವರ್ಷ ವರ್ಷ ಪಟ್ಟಿ ಮಾಡುತ್ತಿದ್ದ ಜಾಗ ಅದು. ಕೊನೆಗೆ ವಿಶ್ವವಿದ್ಯಾಲಯ ಪೂರ್ಣ ಜೀರ್ಣೋದ್ಧಾರಕ್ಕೆ ಗಿಲ್ ಹ್ಯಾನ್ಸ್ ಅವರನ್ನು ನೇಮಿಸಿತು. 2016ರ ರಿಯೊ ಒಲಿಂಪಿಕ್ಸ್‌ನ ಗಾಲ್ಫ್ ಮೈದಾನ ಮಾಡಿದವರು ಇವರೇ. 2023ರ ಕೊನೆಗೆ ಮೈದಾನ ಮುಚ್ಚಿ ಕೆಲಸ ಹಿಡಿದರು. ಬಂಕರ್‌ಗಳಿಗೆ ಹಳೆಯ ಆಳ, ಗ್ರೀನ್‌ಗಳಿಗೆ ಹಳೆಯ ಅಳತೆ, ನೆಲದಡಿಗೆ ನೀರು ಬಸಿಯುವ ಹೊಸ ಕೊಳವೆ. ಅಂದರೆ ಕಾಣುವುದೆಲ್ಲ 1926ರದ್ದು, ಕಾಣದ್ದೆಲ್ಲ ಇಂದಿನದು.

ನನಗೆ ಇದರಲ್ಲಿ ಒಂದು ತಕರಾರು ಉಳಿದೇ ಇದೆ. 1926ಕ್ಕೇ ಏಕೆ ಹಿಂದಿರುಗಬೇಕು? ನಡುವಿನ ನೂರು ವರ್ಷ ಆಡಿದವರ, ಹುಲ್ಲು ಕೊಯ್ದವರ ಕಾಲ ಚರಿತ್ರೆಯಲ್ಲವೇ? ನಡುವೆ ಬಂದದ್ದನ್ನೆಲ್ಲ ಕೆಡವಿ ಮೂಲ ಎನ್ನುವುದರಲ್ಲೂ ಒಂದು ಬಗೆಯ ಅಳಿಸುವಿಕೆ ಇದೆ. ಆದರೆ ಇಲ್ಲಿ ನಾನು ಹ್ಯಾನ್ಸ್ ಅವರ ಪಕ್ಷವೇ. ಕಾರಣ ಸರಳ. ನಡುವಿನ ಬದಲಾವಣೆಗಳಲ್ಲಿ ಹೆಚ್ಚಿನವು ಯಾರೋ ಯೋಚಿಸಿ ಮಾಡಿದವಲ್ಲ, ಯಂತ್ರ ತಿರುಗಿಸಲು ಸುಲಭ ಎಂದು ಆದವು. ಯೋಚಿಸಿ ಮಾಡಿದ್ದನ್ನು ಕೆಡವುವಾಗ ಮಾತ್ರ ಎರಡು ಸಲ ಯೋಚಿಸಬೇಕು. ರೂಲೆವಿಚ್ ಅವರ ಬಂಕರ್‌ಗಳು ಯೋಚಿಸಿ ಮಾಡಿದವು. ಅವು ಹೇಗಿದ್ದವು ಎಂಬುದರ ಅಳತೆ, ಚಿತ್ರ ಎಲ್ಲವನ್ನೂ ವಿಶ್ವವಿದ್ಯಾಲಯ ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳಬೇಕು, ಚೆನ್ನಾಗಿರಲಿ ಬಿಡಲಿ. ರೇನರ್ ಅವರ ಗೆರೆಗಳನ್ನು ಮೊದಲ ಸಲ ಕಳೆದುಕೊಂಡಾಗ ಹಾಗೆ ಇಟ್ಟುಕೊಳ್ಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.